ಹುಟ್ಟುವ ಮೊದಲೇ ಆರಿಸಿದ ಹೆಸರು ಬೇಡವೆನಿಸಿದರೆ

(ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರ ಅಂಗನವಾಡಿಯಲ್ಲಿ ಪೋಷಣ ಮಾಸದ ಸಾಮೂಹಿಕ ಸೀಮಂತದ ದಿನ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸ)

ಮಡಿಲು ತುಂಬಿಸಿಕೊಂಡು ಕೂತಿರುವ ನನ್ನ ಹೆಣ್ಣುಮಕ್ಕಳೇ, ಜೊತೆಗೆ ಬಂದಿರುವ ಅತ್ತೆಯರೇ, ಅವ್ವಂದಿರೇ, ಬಾಗಿಲ ಹತ್ತಿರ ನಿಂತಿರುವ ಯಜಮಾನರುಗಳೇ, ಅಂಗನವಾಡಿಯ ಕಾರ್ಯಕರ್ತೆಯರೇ, ಆಶಾ ತಂಗಿಯರೇ, ಎಲ್ಲರಿಗೂ ನಮಸ್ಕಾರ.

ಕಬ್ಬಿಣದ ಮಾತ್ರೆ, ಮೊಟ್ಟೆ, ಸೊಪ್ಪು, ತೂಕ ಎಲ್ಲವನ್ನೂ ಡಾಕ್ಟರಮ್ಮ ಆಗಲೇ ಹೇಳಿದ್ದಾರೆ. ನಾನು ಶಾಲೆಯಲ್ಲಿ ಹಾಜರಿ ಕರೆದು, ದಾಖಲಾತಿ ಪುಸ್ತಕ ಬರೆದು ಬದುಕಿದವಳು. ನನಗೆ ಗೊತ್ತಿರುವುದು ಹೆಸರುಗಳ ವಿಷಯ. ಅದರಲ್ಲೂ ಬಸುರಿ ಹೆಂಗಸರು ಬಾಯಿಬಿಟ್ಟು ಹೇಳಲು ಹಿಂಜರಿಯುವ ಒಂದು ಮಾತಿದೆ: "ಹೆಸ್ರು ಗೊತ್ತು ಮಾಡ್ಬಿಟ್ಟಿದೀವಿ ಮೇಡಂ, ಈಗ ಯಾಕೋ ಬ್ಯಾಡ ಅನ್ನಿಸ್ತೈತೆ." ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ನಮ್ಮ ಬೀದಿಯ ಒಂದು ಮನೆಯಲ್ಲಿ ಸೊಸೆಗೆ ಆರನೇ ತಿಂಗಳಿದ್ದಾಗಲೇ 'ಋತ್ವಿಕ್' ಅಂತ ನಿರ್ಧಾರವಾಯಿತು. ಆರಿಸಿದವನು ಗಂಡ. ಖುಷಿಯಲ್ಲಿ ಟ್ರ್ಯಾಕ್ಟರಿನ ಟ್ರೈಲರ್ ಹಿಂದೆ ಹಳದಿ ಬಣ್ಣದಲ್ಲಿ, ಅಂಚಿಗೆ ಕೆಂಪು ಕೊಟ್ಟು, ದಪ್ಪ ಅಕ್ಷರದಲ್ಲಿ ಬರೆಸಿಯೂ ಬಿಟ್ಟ. ಮನೆಯಲ್ಲಿ ಹಲ್ಲಿಲ್ಲದ ಮುತ್ತಜ್ಜಿ ಇದ್ದರು. ಅವರು ದಿನಾ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು "ಏನ್ಲಾ ರುತ್ತೀಕ" ಅನ್ನುತ್ತಿದ್ದರು. ಸೊಸೆಗೆ ಅದನ್ನು ಕೇಳಿ ಕೇಳಿ, ಈ ಮಗುವನ್ನು ಹೆಚ್ಚು ಹೊತ್ತು ಎತ್ತಿಕೊಳ್ಳುವ, ಹೆಚ್ಚು ಸಲ ಕರೆಯುವ ಬಾಯಿಗೇ ಆ ಹೆಸರು ಒಗ್ಗುವುದಿಲ್ಲ ಅನ್ನಿಸತೊಡಗಿತು. ಆದರೆ ಗಂಡನಿಗೆ ಹೇಗೆ ಹೇಳುವುದು? ಟ್ರೈಲರ್ ಮೇಲೆ ಬರೆಸಿಯಾಗಿದೆ. ಅವಳು ಒಂದೂವರೆ ತಿಂಗಳು ಆ ಮಾತನ್ನು ನುಂಗಿಕೊಂಡಿದ್ದಳು. ನನ್ನ ಹತ್ತಿರ ಹೇಳುವಾಗ ಕಣ್ಣಲ್ಲಿ ನೀರು. "ಅಪಶಕುನ ಆಗುತ್ತೇನೋ ಮೇಡಂ, ಇಟ್ಟ ಹೆಸ್ರು ಬದಲಾಯಿಸಿದ್ರೆ?" ಅಂತ ಅವಳ ಭಯ. ಸಂಜೆ ಅವಳ ಜೊತೆ ಹೋಗಿ ಗಂಡನನ್ನು ಕೂರಿಸಿಕೊಂಡು ಹೇಳಿದೆ. ಅವನು ಒಂದು ನಿಮಿಷವೂ ಯೋಚಿಸಲಿಲ್ಲ. "ಬರೆಸಿದ್ದನ್ನ ಅಳಿಸಿದ್ರಾತು, ಅದಕ್ಯಾಕೆ ಅಳ್ತೀಯ" ಅಂದ.

ಒಂದೂವರೆ ತಿಂಗಳ ಸಂಕಟ ಒಂದು ಡಬ್ಬಿ ಪೇಂಟಿನಲ್ಲಿ ಮುಗಿಯಿತು. ಇದನ್ನು ಹೇಳಲು ಕಾರಣವಿದೆ. ಹೆಸರನ್ನು ಊರಿಗೆಲ್ಲ ಸಾರಿದ ಮೇಲೆ, ಸೀಮಂತದ ಬ್ಯಾನರಿನಲ್ಲಿ ಹಾಕಿಸಿದ ಮೇಲೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬಿಟ್ಟ ಮೇಲೆ, ಬೇಡ ಅನ್ನುವುದು ಹೆಣ್ಣಿಗೆ ಕಷ್ಟವಾಗುತ್ತದೆ. ಗಂಡಸರಿಗೆ ಕಷ್ಟವಿಲ್ಲವೆಂದಲ್ಲ, ಆದರೆ ನಮ್ಮ ಮನೆಗಳಲ್ಲಿ ಸೊಸೆ ಮಾತು ಬದಲಿಸಿದರೆ ಅದಕ್ಕೆ ಬೇರೆಯೇ ಬಣ್ಣ ಬರುತ್ತದೆ. ಅದಕ್ಕೇ ನನ್ನ ಮೊದಲ ಬೇಡಿಕೆ: ಹೆಸರನ್ನು ಆರಿಸಿ, ಮನೆಯೊಳಗೆ ಕರೆದು ನೋಡಿ, ಆದರೆ ಹೆರಿಗೆಯವರೆಗೆ ಊರಿಗೆ ಕಾಣುವ ಹಾಗೆ ಎಲ್ಲೂ ಬರೆಸಬೇಡಿ.

ಇನ್ನು ಅಪಶಕುನದ ಭಯ. ನಮ್ಮ ಹಿರಿಯರ ಪದ್ಧತಿಯನ್ನೇ ನೋಡಿ. ಮಗು ಹುಟ್ಟಿದ ಮೇಲೆ ಪುರುಡು ಕಳೆದು, ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ತೊಟ್ಟಿಲಿಗೆ ಹಾಕುವಾಗ ಹೆಸರು. ಕೆಲವು ಮನೆಗಳಲ್ಲಿ ತಿಂಗಳು ಮೂರಾಗುತ್ತದೆ. ಅಲ್ಲಿಯವರೆಗೆ ಅದು ಪಾಪು, ಕೂಸು, ಪುಟ್ಟ. ಹುಟ್ಟುವ ಮೊದಲು ಹೆಸರಿಡುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ. ಹಾಗಿದ್ದ ಮೇಲೆ ಈಗ ನೀವು ಬದಲಿಸುತ್ತಿರುವುದು ಇಟ್ಟ ಹೆಸರನ್ನಲ್ಲ, ಇನ್ನೂ ಮಾತಿನಲ್ಲೇ ಇರುವ ಹೆಸರನ್ನು. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೇಳುವವರೆಗೆ ಯಾವ ಹೆಸರೂ ಹೆಸರಲ್ಲ. ಅದರ ಮೇಲೆ ನಕ್ಷತ್ರ ನೋಡುವ ಮನೆಗಳಲ್ಲಿ ಅಕ್ಷರ ಗೊತ್ತಾಗುವುದೇ ಹುಟ್ಟಿದ ಮೇಲೆ. ರೋಹಿಣಿ ಬಂದರೆ ಓ, ವ, ವಿ, ವು. ಅಶ್ವಿನಿ ಬಂದರೆ ಚು, ಚೆ, ಚೋ, ಲಾ. ಆರು ತಿಂಗಳಿಂದ 'ಸ' ಅಕ್ಷರದ ಹೆಸರು ಹಿಡಿದುಕೊಂಡಿದ್ದವರು ಅವತ್ತು ಹೊಸದಾಗಿ ಹುಡುಕುತ್ತಾರೆ. ಅಲ್ಲಿ ಇಲ್ಲದ ಅಪಶಕುನ ತಾಯಿ ಬೇಡವೆಂದಾಗ ಎಲ್ಲಿಂದ ಬರುತ್ತದೆ?

ನಮ್ಮ ಸೀಮೆಯಲ್ಲಿ ಈ ತಳಮಳ ಹೆಚ್ಚಾಗಿ ಕಾಣುವುದು ಹರಕೆಯ ಹೆಸರಿನಲ್ಲಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಸಿಕೊಂಡು ಹುಟ್ಟಿದ ಮಗುವಿಗೆ ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಮ್ಮ. ಗೌರಸಮುದ್ರದ ಮಾರಮ್ಮನಿಗೆ ಹರಸಿಕೊಂಡರೆ ಮಾರಕ್ಕ, ಮಾರಣ್ಣ. ಓಬಯ್ಯ, ಬೋರಯ್ಯ, ಪಾಲಯ್ಯ, ಓಬಮ್ಮ ಅನ್ನುವ ಹೆಸರು ಕೇಳಿದರೆ ಸಾಕು, ರಾಜ್ಯದ ಯಾವ ಮೂಲೆಯಲ್ಲಿದ್ದರೂ ಇವರು ನಮ್ಮ ದುರ್ಗದ ಕಡೆಯವರೇ ಇರಬೇಕು ಅಂತ ನನ್ನ ಕಿವಿ ನೆಟ್ಟಗಾಗುತ್ತದೆ. ಒಂದು ಕಾಲಕ್ಕೆ ನನ್ನ ಹಾಜರಿ ಪುಸ್ತಕದಲ್ಲಿ ಇಂಥ ಹೆಸರುಗಳೇ ತುಂಬಿರುತ್ತಿದ್ದವು. ಒಂದೇ ತರಗತಿಯಲ್ಲಿ ಇಬ್ಬರು ಮೂವರು ತಿಪ್ಪೇಸ್ವಾಮಿ ಇದ್ದಾಗ ತಂದೆಯ ಹೆಸರು ಸೇರಿಸಿ ಕರೆಯುತ್ತಿದ್ದೆ. ನಿವೃತ್ತಿಯ ಹೊತ್ತಿಗೆ ಅವು ವಿರಳವಾದವು.

ಹರಕೆ ಹೊತ್ತ ಅಜ್ಜಿಗೆ ಅದೇ ಹೆಸರು ಬೇಕು. ಮೊದಲು ಹೂಂ ಅಂದಿದ್ದ ಸೊಸೆಗೆ, ದಿನ ತುಂಬುತ್ತಾ ಬಂದಂತೆ, ಬೆಂಗಳೂರಿನಲ್ಲಿ ಓದುವ ಕಾಲಕ್ಕೆ ಮಗುವನ್ನು ಯಾರಾದರೂ ಆಡಿಕೊಂಡಾರು ಅನ್ನುವ ಚಿಂತೆ. ಇಬ್ಬರ ಮಾತಿನಲ್ಲೂ ಪ್ರೀತಿಯೇ ಇದೆ. ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆ ಹೆಸರುಗಳು ಉಳಿಯಬೇಕು ಅನ್ನುವವಳು ನಾನು. ಆದರೆ ಹರಕೆಯ ಹೆಸರಿಗೆ ಕಿವಿಯಲ್ಲಿ ಹೇಳುವ ಜಾಗ ಯಾವತ್ತೂ ಇದೆ. ದೇವರ ಹೆಸರು, ನಕ್ಷತ್ರದ ಹೆಸರು, ಕರೆಯುವ ಹೆಸರು ಅಂತ ಒಂದೇ ಕೂಸಿಗೆ ಎರಡು ಮೂರು ಹೆಸರು ಹೇಳುವುದು ನಮ್ಮ ತೊಟ್ಟಿಲ ಶಾಸ್ತ್ರಕ್ಕೆ ಹೊಸದೇನಲ್ಲ. ಮಾವನ ಹೆಸರಿಟ್ಟ ಮಗನನ್ನು ತಾಯಿ ಆ ಹೆಸರಿನಿಂದ ಕರೆಯಲಾಗದೆ ಜೀವನಪೂರ್ತಿ "ಅಪ್ಪಾಜಿ" ಅಂತಲೇ ಕರೆದದ್ದನ್ನು ನೀವೂ ನೋಡಿದ್ದೀರಿ. ಹರಕೆಯ ಹೆಸರು ಕಿವಿಗೆ, ತಾಯ್ತಂದೆ ಒಪ್ಪಿದ ಹೆಸರು ದಾಖಲೆಗೆ. ಈ ದಾರಿಯಲ್ಲಿ ಅಜ್ಜಿಗೂ ನೋವಿಲ್ಲ.

ಹೆಣ್ಣುಮಗುವಿನ ಹೆಸರಿನ ವಿಷಯ ಮಾತ್ರ ನನಗೆ ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗೆ. ಹುಟ್ಟುವ ಮೊದಲು ಗಂಡೋ ಹೆಣ್ಣೋ ಅಂತ ಪತ್ತೆ ಮಾಡುವುದು, ಹೇಳುವುದು ಎರಡೂ 1994ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಮುಂಚೆ ಹೆಸರು ಯೋಚಿಸುವವರು ಎರಡೂ ಬಗೆಯದನ್ನು ಯೋಚಿಸಿರಬೇಕು. ಆದರೆ ಮನೆಮನೆಯಲ್ಲಿ ಕೇಳಿ ನೋಡಿದ್ದೇನೆ: ಗಂಡಿನ ಹೆಸರು ನಾಲ್ಕೈದು ಸಿದ್ಧ, ಹೆಣ್ಣಿನ ಹೆಸರು ಕೇಳಿದರೆ "ಆಮೇಲೆ ನೋಡಣ ಬಿಡಿ." ಹೆಣ್ಣು ಹುಟ್ಟಿದ ದಿನ ಯಾರೋ ಅವಸರದಲ್ಲಿ ಬಾಯಿಗೆ ಬಂದದ್ದು ಹೇಳುತ್ತಾರೆ. ಹಿಂದೆ ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದ ಮನೆಗಳಲ್ಲಿ 'ಸಾಕಮ್ಮ' ಅಂತ ಇಟ್ಟದ್ದೂ ಉಂಟು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕೂಸಾ', ಅಂದರೆ ಬೇಡವಾದವಳು, ಅಂತ ಹೆಸರಿಟ್ಟ ಮಕ್ಕಳಿದ್ದರು. 2011ರಲ್ಲಿ ಅಲ್ಲಿನ ಜಿಲ್ಲಾಡಳಿತ ಸಮಾರಂಭ ಮಾಡಿ 280ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಹೊಸ ಹೆಸರು ಕೊಟ್ಟಿತು. ಆ ಮಕ್ಕಳು ಅಲ್ಲಿಯವರೆಗೆ ದಿನಾ ಶಾಲೆಯಲ್ಲಿ ಆ ಹೆಸರಿಗೆ "ಹಾಜರ್" ಅಂದು ಎದ್ದು ನಿಂತಿದ್ದನ್ನು ನೆನೆಸಿಕೊಂಡರೆ, ಹಾಜರಿ ಕರೆದವಳಾಗಿ ನನಗೆ ನಿದ್ದೆ ಬರುವುದಿಲ್ಲ. ಹೆಸರಿನ ಬಗ್ಗೆ ಮತ್ತೊಮ್ಮೆ ಯೋಚಿಸುವುದಾದರೆ ಮೊದಲು ಹೆಣ್ಣಿನ ಹೆಸರಿನಿಂದ ಶುರು ಮಾಡಿ. ಗಂಡಿನ ಹೆಸರಿಗೆ ಎಷ್ಟು ಸಂಜೆ ಕಳೆದಿರೋ ಹೆಣ್ಣಿನ ಹೆಸರಿಗೂ ಅಷ್ಟೇ ಕಳೆಯಿರಿ.

ಬೇಡ ಅನ್ನಿಸುತ್ತಿರುವುದು ನಿಜವೋ, ಬರೀ ಕೊನೆ ತಿಂಗಳ ದುಗುಡವೋ? ಅದನ್ನು ತಿಳಿಯಲು ನನಗೆ ಗೊತ್ತಿರುವ ದಾರಿ ಬಾಯಲ್ಲಿ ಕರೆದು ನೋಡುವುದು. ಹೊಸ್ತಿಲಲ್ಲಿ ನಿಂತು, ಬೀದಿಯ ತುದಿಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆದ ಹಾಗೆ ಜೋರಾಗಿ ಕರೆಯಿರಿ. ಮನೆಯ ಹಿರಿಯರ ಬಾಯಿಂದ ಹೇಳಿಸಿ. ಒಂದು ವಾರ ಸುಮ್ಮನಿದ್ದು ಮತ್ತೆ ಕರೆಯಿರಿ. ಆಗಲೂ ಗಂಟಲಲ್ಲಿ ಸಿಕ್ಕಿಕೊಂಡರೆ ಆ ಹೆಸರು ಬಿಡಿ. ವಾರಗಿತ್ತಿಯ ಮಗುವಿಗೆ ಅದೇ ಹೆಸರಿಟ್ಟರು ಅನ್ನುವ ಒಂದೇ ಕಾರಣಕ್ಕಾದರೆ ನಾನಾದರೆ ಬಿಡುವುದಿಲ್ಲ, ಒಂದೇ ಮನೆತನದಲ್ಲಿ ಅಜ್ಜನ ಹೆಸರಿನ ಮೊಮ್ಮಕ್ಕಳು ಮೂರು ಜನ ಇದ್ದದ್ದು ನಮಗೇನು ಹೊಸದೇ? ಆದರೆ ಆ ಹೆಸರಿನವರಿಂದ ನಿಮಗೆ ನೋವಾಗಿದ್ದರೆ, ಆ ಹೆಸರಿನ ಒಂದು ಎಳೆ ಜೀವ ತೀರಿಕೊಂಡಿದ್ದರೆ, ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಅತ್ತೆಯರೇ, ನೀವೂ ವಿವರಣೆ ಕೇಳಬೇಡಿ.

ಬರೆದೂ ನೋಡಬೇಕು. ನಮ್ಮ ಕಡೆ ಇನಿಷಿಯಲ್ ಇಲ್ಲದೆ ಹೆಸರಿಲ್ಲ. ಕಾದಂಬರಿಕಾರ ತ.ರಾ.ಸು. ಅವರ ಹೆಸರಿನಲ್ಲಿ ನಮ್ಮ ತಾಲ್ಲೂಕಿನ ತಳುಕು ಇದೆ, ತಂದೆ ರಾಮಸ್ವಾಮಯ್ಯನವರೂ ಇದ್ದಾರೆ. ನಿಮ್ಮ ಮಗುವಿಗೆ ಇನಿಷಿಯಲ್ ಮುಂದೆಯೋ ಹಿಂದೆಯೋ, ಇಂಗ್ಲಿಷಿನಲ್ಲಿ ಯಾವ ಅಕ್ಷರ, ಒಂದು 'ಎ' ಸಾಕೋ ಎರಡು ಬೇಕೋ, ಈಗಲೇ ತೀರ್ಮಾನಿಸಿ. ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತೊಂದು ಆಗಿ, ಅಫಿಡವಿಟ್ ಹಿಡಿದು ಅಲೆದ ತಂದೆತಾಯಿಗಳನ್ನು ಬಹಳ ನೋಡಿದ್ದೇನೆ.

ಕಾನೂನೂ ನಿಮಗೆ ಸಮಯ ಕೊಟ್ಟಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟಿದ 21 ದಿನದೊಳಗೆ ಜನನ ನೋಂದಣಿಯಾಗಬೇಕು. ಆದರೆ ಆಗ ಹೆಸರು ಕೊಡಲೇಬೇಕು ಅಂತಿಲ್ಲ, ಹೆಸರಿಲ್ಲದೆಯೂ ನೋಂದಣಿಯಾಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ತಂದೆ ಅಥವಾ ತಾಯಿ ಹೋಗಿ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಆಸ್ಪತ್ರೆಯಲ್ಲಿ ಹೆರಿಗೆಯ ಸುಸ್ತಿನಲ್ಲಿ ಮಲಗಿರುವಾಗ ಫಾರಂ ಹಿಡಿದು ಬಂದವರು "ಹೆಸರೇನಮ್ಮ" ಅಂದರೆ, ಗಾಬರಿಯಲ್ಲಿ ಏನೋ ಒಂದು ಬರೆಸಬೇಡಿ. "ಹೆಸರು ಇನ್ನೂ ಇಟ್ಟಿಲ್ಲ, ಆಮೇಲೆ ಸೇರಿಸ್ತೀವಿ" ಅನ್ನಿ.

ಒಮ್ಮೆ ಬರೆಸಿದ ಮೇಲೆ ಬದಲಿಸುವುದು ಇಷ್ಟು ಸುಲಭವಲ್ಲ. ಬರಹದ ತಪ್ಪು ತಿದ್ದಲು ಕಾಯ್ದೆಯಲ್ಲಿ ದಾರಿಯಿದೆ, ಮನಸ್ಸು ಬದಲಾದದ್ದಕ್ಕೆ ಸ್ಪಷ್ಟವಾದ ದಾರಿ ಇರಲಿಲ್ಲ. ನಮ್ಮ ರಾಜ್ಯದ ಒಂದು ಕುಟುಂಬ ಇದಕ್ಕಾಗಿ ಹೈಕೋರ್ಟಿಗೇ ಹೋಗಬೇಕಾಯಿತು. ಹೊಸ ಹೆಸರು ದಾಖಲಿಸಿ, ಹಳೆಯದೂ ದಾಖಲೆಯಲ್ಲಿ ಉಳಿಯಲಿ ಅಂತ ಹೈಕೋರ್ಟು 2025ರಲ್ಲಿ ಹೇಳಿತು. ಮನೆಯಲ್ಲಿ ಕೂತು ಮುಗಿಸಬಹುದಾದ ಮಾತಿಗೆ ಅಷ್ಟು ದೂರ ಹೋಗುವುದು ಯಾಕೆ? ಹುಣಸೂರಿನಲ್ಲಿ ಗಂಡ ಹೆಂಡತಿ ಮಗನ ಹೆಸರಿನ ಮೇಲೆ ವರ್ಷಗಟ್ಟಲೆ ಜಗಳವಾಡಿ, ಕೊನೆಗೆ 2024ರ ಡಿಸೆಂಬರಿನಲ್ಲಿ ನ್ಯಾಯಾಲಯದಲ್ಲೇ ಮಗುವಿಗೆ ಹೆಸರಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಹಾರ ಬದಲಾಯಿಸಿಕೊಂಡು ಮನೆಗೆ ಹೋದರಂತೆ, ಸಂತೋಷ. ಆದರೆ ಅಲ್ಲಿಯವರೆಗೆ ಆ ಕೂಸು ಎರಡು ಮನಸ್ಸಿನ ನಡುವೆ ಬೆಳೆಯಿತು.

ಈಗಂತೂ ಜನನ ಪತ್ರದ ತೂಕ ಹೆಚ್ಚಿದೆ. ತಿದ್ದುಪಡಿಯಾದ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಿಸಲು, ಮತದಾರರ ಪಟ್ಟಿಗೆ, ವಾಹನ ಪರವಾನಗಿಗೆ, ಮದುವೆ ನೋಂದಣಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನ ಮತ್ತು ಸ್ಥಳದ ದಾಖಲೆಯಾಗಿ ಇದೇ ಪತ್ರ ಬೇಕು.

ಹೊರಡುವ ಮೊದಲು ಒಂದು ಕೆಲಸ ಮಾಡೋಣ. ಅಂಗನವಾಡಿ ಅಕ್ಕ ನಿಮಗೆಲ್ಲ ಒಂದೊಂದು ಚೀಟಿ ಕೊಡುತ್ತಾರೆ. ಒಂದು ಹೆಣ್ಣಿನ ಹೆಸರು, ಒಂದು ಗಂಡಿನ ಹೆಸರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಇನಿಷಿಯಲ್ ಸಹಿತ, ಪೆನ್ಸಿಲ್ಲಿನಲ್ಲಿ ಬರೆಯಿರಿ. ಬರೆಯಲು ಬಾರದವರು ನನ್ನ ಹತ್ತಿರ ಬನ್ನಿ. ಅದನ್ನು ತಾಯಿ ಕಾರ್ಡಿನೊಳಗೆ ಇಡಿ. ಪ್ರತಿ ತಿಂಗಳು ತಪಾಸಣೆಗೆ ಹೋಗುವಾಗ ತೆಗೆದು ಓದಿ, ಬೇಡವೆನಿಸಿದರೆ ಅಳಿಸಿ ಬೇರೆ ಬರೆಯಿರಿ, ಬರೆದದ್ದನ್ನು ಅವತ್ತೇ ಗಂಡನಿಗೆ ತೋರಿಸಿ. ಬಾಗಿಲ ಹತ್ತಿರ ನಿಂತಿರುವವರೇ, ನೀವೂ ಒಳಗೆ ಬನ್ನಿ, ಚೀಟಿ ನಿಮಗೂ ಇದೆ.