ಬೆಳಕು ಎಲ್ಲಿಂದ ಬರುತ್ತಿದೆ?

ಕೇಳುಗರಿಗೆಲ್ಲ ನಮಸ್ಕಾರ. ಕಣ್ಣಿಗೆ ಕಾಣದ ಬಾನುಲಿಯಲ್ಲಿ ಬೆಳಕಿನ ಬಗ್ಗೆ ಮಾತಾಡಿ ಅಂದಿದ್ದಾರೆ. ಪರವಾಗಿಲ್ಲ. ನಿಮ್ಮ ಹತ್ತಿರ ಒಂದು ಟಾರ್ಚ್ ಇದ್ದರೆ ಸಾಕು, ಮೊಬೈಲಿನದಾದರೂ ಆಗುತ್ತದೆ. ರಾತ್ರಿ ದೀಪ ಆರಿಸಿ ಕನ್ನಡಿ ಮುಂದೆ ನಿಲ್ಲಿ. ಟಾರ್ಚನ್ನು ಗದ್ದದ ಕೆಳಗೆ ಹಿಡಿದರೆ ದೆವ್ವ. ನೆತ್ತಿಯ ಮೇಲೆ ಹಿಡಿದರೆ ಕಣ್ಣಿನ ಜಾಗದಲ್ಲಿ ಎರಡು ಗುಂಡಿ. ಹಣೆಗಿಂತ ಸ್ವಲ್ಪ ಮೇಲೆ, ಒಂದು ಪಕ್ಕಕ್ಕೆ ಹಿಡಿಯಿರಿ. ಮೂಗು, ಕೆನ್ನೆ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಟಾರ್ಚ್ ಅದೇ, ಮುಖವೂ ಅದೇ. ಬೆಳಕು ಎಷ್ಟು ಅಂತ ಕೇಳಬೇಡಿ, ಎಲ್ಲಿಂದ ಅಂತ ಕೇಳಿ. ಇವತ್ತು ನಾನು ಹೇಳುವುದು ಇದೊಂದೇ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಮೊದಲ ಸಲ ನಾಟಕವೊಂದಕ್ಕೆ ಲೈಟಿಂಗ್ ಮಾಡಿದಾಗ ಹನ್ನೆರಡು ಲೈಟು ಸಿಕ್ಕಿದ್ದವು. ಹನ್ನೆರಡನ್ನೂ ಮುಂದಿನಿಂದ ನೇರವಾಗಿ ರಂಗಕ್ಕೆ ಬಿಟ್ಟೆ. ಚೆನ್ನಾಗಿ ಕಾಣಲಿ ಅಂತ! ಮುದುಕ ರಾಜ ಮಗನ ಹೆಣದ ಮುಂದೆ ಕೂತು ಅಳುವ ದೃಶ್ಯ. ನಟ ನಿಜಕ್ಕೂ ಅಳುತ್ತಿದ್ದ. ಹಾಲಿನ ಹಿಂದೆ ಕೂತಿದ್ದ ನನಗೆ ಅವನ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತಿತ್ತು. ನಿರ್ದೇಶಕರು ಪಕ್ಕಕ್ಕೆ ಬಂದು, "ಏನಯ್ಯಾ, ರಾಜನಿಗೆ ಮೂಗೇ ಇಲ್ವಲ್ಲ" ಅಂದರು. ನಾನು ಬೆಳಕು ಇನ್ನೂ ಏರಿಸಿದೆ. ಇದ್ದಬದ್ದ ಮೂಗೂ ಹೋಯಿತು. ಅಷ್ಟರಲ್ಲಿ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಕೈಕೊಟ್ಟಿತು. ಹನ್ನೆರಡೂ ಆರಿದವು. ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗಿನಲ್ಲಿ, ಪಾತ್ರಧಾರಿಗಳು ಬಟ್ಟೆ ಬದಲಿಸಲಿ ಅಂತ ಹಾಕಿದ್ದ ಒಂದೇ ಬಲ್ಬು ಉಳಿಯಿತು. ಆ ಬಲ್ಬಿನಲ್ಲಿ ಹಣೆಯ ಗೆರೆ, ಗುಳಿಬಿದ್ದ ಕೆನ್ನೆ, ಕೆನ್ನೆ ಮೇಲಿನ ನೀರು ಎಲ್ಲ ಕಂಡವು. ಸಭೆ ಪಿಟಕ್ಕೆನ್ನಲಿಲ್ಲ. ನಾಟಕ ಮುಗಿದ ಮೇಲೆ ಜನ ಬಂದು, "ಆ ದೃಶ್ಯದ ಬೆಳಕು ಅದ್ಭುತ ಸಾರ್" ಅಂತ ಕೈಕುಲುಕಿದರು. ನಾನು ಸುಮ್ನೆ ತಲೆಯಾಡಿಸಿದೆ.

ರಂಗದ ಬೆಳಕಿನ ಪಾಠ ಹೇಳುತ್ತಿದ್ದ ಅಮೆರಿಕದ ಸ್ಟಾನ್ಲಿ ಮೆಕ್‌ಕ್ಯಾಂಡ್ಲೆಸ್ 1932ರಲ್ಲೇ ಇದಕ್ಕೊಂದು ದಾರಿ ಬರೆದಿಟ್ಟಿದ್ದರು. ನಟನ ಎಡಕ್ಕೊಂದು, ಬಲಕ್ಕೊಂದು ಲೈಟು. ಎರಡೂ 45 ಡಿಗ್ರಿ ಪಕ್ಕದಿಂದ, 45 ಡಿಗ್ರಿ ಮೇಲಿನಿಂದ. ಲೈಟಿನ ಮುಂದೆ ಹಾಕುವ ಬಣ್ಣದ ಹಾಳೆಗೆ ಜೆಲ್ ಅಂತಾರೆ. ಒಂದಕ್ಕೆ ಹಳದಿಯಂಥ ಬೆಚ್ಚನೆಯ ಬಣ್ಣದ ಜೆಲ್, ಇನ್ನೊಂದಕ್ಕೆ ನೀಲಿಯಂಥ ತಣ್ಣನೆಯದು. ಹಿಂದಿನಿಂದ ಒಂದು ಬ್ಯಾಕ್‌ಲೈಟ್ ಸೇರಿಸಿದರೆ ತಲೆಗೆ, ಭುಜಕ್ಕೆ ಅಂಚು ಮೂಡುತ್ತದೆ, ನಟ ಪರದೆಗೆ ಅಂಟಿದ ಹಾಗೆ ಕಾಣುವುದಿಲ್ಲ. ಬೆಳಕಿನ ವೃತ್ತದ ಅಂಚು ಮೆತ್ತಗಿರಬೇಕಾದರೆ ಫ್ರೆನೆಲ್ ಅನ್ನುವ ಲೈಟು, ಚೂಪಾಗಿ ಬೇಕಾದರೆ ಪ್ರೊಫೈಲ್ ಅನ್ನುವ ಲೈಟು. ಅದೆಲ್ಲ ಆಮೇಲೆ. ಮೊದಲು ಎಲ್ಲಿಂದ ಅನ್ನುವುದು.

ಇನ್ನು ನಾಟಕದ ಫೋಟೋ ತೆಗೆಯುವವರು. ದಯವಿಟ್ಟು ಫ್ಲ್ಯಾಶ್ ಹಾಕಬೇಡಿ. ಎಷ್ಟು ಸಲ ಹೇಳುವುದು! ಅದೂ ಮುಂದಿನಿಂದ ನೇರ ಬೀಳುವ ಬೆಳಕೇ ಅಲ್ವಾ? ಮತ್ತೆ ಅದೇ ಸುಣ್ಣದ ಗೋಡೆ. ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಮೋಸ ಹೋಗುತ್ತದೆ. ಎಲ್ಲ ಕತ್ತಲು ಅಂದುಕೊಂಡು ಮುಖವನ್ನು ಬೆಳ್ಳಗೆ ಸುಟ್ಟುಹಾಕುತ್ತದೆ. ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಇಟ್ಟು ಮುಖವನ್ನೇ ಅಳೆಯಿರಿ. ಹ್ಯಾಲೊಜೆನ್ ಲೈಟಾದರೆ, ಬೆಳಕಿನ ಬಣ್ಣವನ್ನು ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಡಿ. ಆಟೋದಲ್ಲಿ ಬಿಟ್ಟರೆ ನಾವು ಕಷ್ಟಪಟ್ಟು ಹಾಕಿದ ಬಣ್ಣವನ್ನು ಅದು ತಿದ್ದಲು ಹೊರಡುತ್ತದೆ.

ಎಲ್‌ಇಡಿ ಲೈಟಿನ ಬಗ್ಗೆಯೂ ಹೇಳಬೇಕಿತ್ತು. ಗಾಜಿನಾಚೆಯಿಂದ ಕೈಸನ್ನೆ ಮಾಡುತ್ತಿದ್ದಾರೆ, ನಮ್ಮ ರಾಜ ಜಾಸ್ತಿ ಹೊತ್ತು ಅತ್ತುಬಿಟ್ಟ. ಆ ಲೈಟಿನಲ್ಲಿ ತೆಗೆದ ಫೋಟೋದಲ್ಲಿ ಪಟ್ಟೆ ಪಟ್ಟೆ ಬಂದರೆ ಕ್ಯಾಮೆರಾದ ಷಟರ್ ವೇಗ ನಿಧಾನ ಮಾಡಿ ನೋಡಿ, ಅಷ್ಟೇ. ಟಾರ್ಚ್ ಮರೆಯಬೇಡಿ. ನಮಸ್ಕಾರ.