ಹಗುರ ಬ್ಲೇಡಿನ ಭಾರ ಹೊರುವವರು ಯಾರು?

ಎಲ್ಲರಿಗೂ ನಮಸ್ಕಾರ. ಈ ಸಂಚಿಕೆಯಲ್ಲಿ ನಾನು ಮಂಡಿಸಬೇಕೆಂದಿರುವ ವಾದ ಇಷ್ಟು: ವಿಮಾನದ ಎಂಜಿನ್ನಿಗೆ ಹಗುರವಾದ ಭಾಗಗಳನ್ನು ಮಾಡುವ ಉದ್ಯಮದಲ್ಲಿ ದೊಡ್ಡ ಲಾಭವೂ ಹಿಡಿತವೂ ಸೇರುವುದು, ಆ ಭಾಗ ಮುರಿಯುವುದಿಲ್ಲವೆಂದು ವರ್ಷಗಟ್ಟಲೆ ಪರೀಕ್ಷಿಸಿ ತೋರಿಸಿದವರಿಗೆ. ನಕ್ಷೆಯ ಪ್ರಕಾರ ಲೋಹ ಕಡೆದು ಕೊಟ್ಟವರಿಗೆ ಯಂತ್ರ ಓಡಿದ ಗಂಟೆಗಳ ಕೂಲಿ ಸಿಗುತ್ತದೆ. ಕರ್ನಾಟಕದ ಕಾರ್ಖಾನೆಗಳು ಬಹುಮಟ್ಟಿಗೆ ಈ ಎರಡನೆಯ ಗುಂಪಿನಲ್ಲಿಯೇ ಉಳಿದಿವೆ, ಮತ್ತು ನಮ್ಮ ಸರ್ಕಾರಗಳು ಕೊಡುತ್ತಿರುವ ಪ್ರೋತ್ಸಾಹ ಅವುಗಳನ್ನು ಅಲ್ಲಿಂದ ಮೇಲೆತ್ತುವ ಬಗೆಯದಲ್ಲ.

ಎಂಜಿನ್ನಿನ ಮುಂಭಾಗದ ಫ್ಯಾನ್ ಬ್ಲೇಡನ್ನು ಗಮನಿಸಿ. ಬ್ಲೇಡು ಭಾರವಾದಷ್ಟೂ ತಿರುಗುವಾಗ ಅದು ತನ್ನ ಬುಡವನ್ನು ಹೊರಕ್ಕೆ ಎಳೆಯುವ ಬಲ ಹೆಚ್ಚುತ್ತದೆ; ಆ ಎಳೆತವನ್ನು ತಡೆಯಲು ಬ್ಲೇಡುಗಳನ್ನು ಹಿಡಿದಿರುವ ಡಿಸ್ಕ್ ದಪ್ಪವಾಗಬೇಕು, ಡಿಸ್ಕನ್ನು ಹೊತ್ತ ಶಾಫ್ಟ್ ಮತ್ತು ಬೇರಿಂಗ್‌ಗಳು ಇನ್ನಷ್ಟು ಗಟ್ಟಿಯಾಗಬೇಕು. ಒಂದು ಬ್ಲೇಡು ಬುಡದಿಂದಲೇ ಕಿತ್ತುಹೋದರೂ ಅದು ಕವಚವನ್ನು ಸೀಳಿಕೊಂಡು ಹೊರಬರಬಾರದೆಂಬ ನಿಯಮ ಇರುವುದರಿಂದ, ಭಾರದ ಬ್ಲೇಡು ಭಾರದ ಕವಚವನ್ನೂ ಬೇಡುತ್ತದೆ. ಕೊನೆಗೆ ಈ ಎಲ್ಲ ತೂಕವನ್ನು ರೆಕ್ಕೆಯೂ ಹೊರಬೇಕು, ಇಂಧನವೂ ಹೊರಬೇಕು. ಆದ್ದರಿಂದಲೇ ಬ್ಲೇಡಿನಲ್ಲಿ ಉಳಿಸಿದ ಒಂದು ಕಿಲೊ ವಿಮಾನದಲ್ಲಿ ಒಂದು ಕಿಲೊಗಷ್ಟೇ ನಿಲ್ಲುವುದಿಲ್ಲ.

ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದ ಬ್ರಿಟನ್ನಿನ ರೋಲ್ಸ್-ರಾಯ್ಸ್ ಕಂಪನಿ, 1968ರಲ್ಲಿ ಲಾಕ್‌ಹೀಡ್‌ನ ಟ್ರೈಸ್ಟಾರ್ ವಿಮಾನಕ್ಕೆ ಆರ್‌ಬಿ211 ಎಂಜಿನ್ ಒದಗಿಸುವ ಗುತ್ತಿಗೆ ಪಡೆದಾಗ, ಹೈಫಿಲ್ ಎಂಬ ಕಾರ್ಬನ್ ಫೈಬರ್ ಸಂಯುಕ್ತದ (ನೂಲನ್ನು ರಾಳದಲ್ಲಿ ಹುದುಗಿಸಿ ಮಾಡಿದ ವಸ್ತುವಿನ) ಬ್ಲೇಡುಗಳನ್ನು ನೆಚ್ಚಿಕೊಂಡಿತ್ತು. ಆದರೆ 1970ರಲ್ಲಿ ನಡೆದ ಹಕ್ಕಿ ಬಡಿತದ ಪರೀಕ್ಷೆಯಲ್ಲಿ ಆ ಬ್ಲೇಡುಗಳು ಒಡೆದುಹೋದವು. ಕಂಪನಿ ಟೈಟಾನಿಯಂ ಬ್ಲೇಡಿಗೆ ಮರಳಬೇಕಾಯಿತು. ಅಭಿವೃದ್ಧಿಯ ವೆಚ್ಚ ಅದಾಗಲೇ ಅಂದಾಜನ್ನು ಮೀರಿ ಹೋಗಿತ್ತು, ಬೆಲೆ ಮಾತ್ರ ಗುತ್ತಿಗೆಯಲ್ಲಿ ನಿಗದಿಯಾಗಿತ್ತು. 1971ರ ಫೆಬ್ರವರಿ 4ರಂದು ಕಂಪನಿ ದಿವಾಳಿ ಘೋಷಿಸಿತು. ದಿವಾಳಿಗೆ ಬ್ಲೇಡೊಂದೇ ಕಾರಣವೆನ್ನುವುದು ಅತಿಶಯೋಕ್ತಿ. ಆದರೆ ಪರೀಕ್ಷೆ ಮುಗಿಯದ ವಸ್ತುವನ್ನು ಗುತ್ತಿಗೆಗೆ ಕಟ್ಟಿಹಾಕಿದ್ದು ಆ ಸಂಕಟವನ್ನು ಇನ್ನಷ್ಟು ಬೆಳೆಸಿತು. ಬ್ರಿಟಿಷ್ ಸರ್ಕಾರ ಅದನ್ನು ರಾಷ್ಟ್ರೀಕರಿಸಿ ಉಳಿಸದೇ ಹೋಗಿದ್ದರೆ ಆರ್‌ಬಿ211ರಿಂದ ಬೆಳೆದ ಟ್ರೆಂಟ್ ಎಂಜಿನ್‌ಗಳ ಕುಲವೇ ಇರುತ್ತಿರಲಿಲ್ಲ.

ಅಮೆರಿಕದ ಜಿಇ ಕಂಪನಿಯ ದಾರಿ ಬೇರೆಯಾಗಿತ್ತು. 1980ರ ದಶಕದಲ್ಲಿ ಅದು ಜಿಇ36 ಎಂಬ, ಹೊರಗೆ ತೆರೆದಿದ್ದ ಬ್ಲೇಡುಗಳ ಎಂಜಿನ್ನನ್ನು ಸಂಯುಕ್ತ ವಸ್ತುವಿನ ಬ್ಲೇಡುಗಳೊಂದಿಗೆ ಹಾರಿಸಿ ನೋಡಿತು. ಇಂಧನದ ಬೆಲೆ ಇಳಿದಾಗ ಆ ಎಂಜಿನ್ ಮಾರುಕಟ್ಟೆಗೆ ಬರಲೇ ಇಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಅದು ಸೋಲು. ಆದರೆ ಆ ಬ್ಲೇಡುಗಳಿಂದ ಕಲಿತದ್ದು ಉಳಿದುಕೊಂಡಿತು. 1995ರಲ್ಲಿ ಬೋಯಿಂಗ್ 777ರ ಜೊತೆ ಸೇವೆಗಿಳಿದ ಜಿಇ90 ಎಂಜಿನ್ನಿನ, ಅಂಚಿಗೆ ಟೈಟಾನಿಯಂ ಹೊದಿಸಿದ ಕಾರ್ಬನ್ ಬ್ಲೇಡುಗಳಲ್ಲಿ ಅದು ಫಲ ಕೊಟ್ಟಿತು. ಜಿಇ90ರಲ್ಲಿ ಇಂಥ 22 ಬ್ಲೇಡುಗಳಿದ್ದರೆ, ಅದರ ಮುಂದಿನ ಪೀಳಿಗೆಯ ಜಿಇ9ಎಕ್ಸ್‌ನಲ್ಲಿ 16 ಇವೆ. ಜಿಇ ಮತ್ತು ಫ್ರಾನ್ಸಿನ ಸಫ್ರಾನ್ ಜೊತೆಯಾಗಿ ಮಾಡುವ ಲೀಪ್ ಎಂಜಿನ್ನಿನಲ್ಲಿ ಕಾರ್ಬನ್ ನೂಲನ್ನು ಮೂರು ಆಯಾಮಗಳಲ್ಲಿ ನೇಯ್ದು, ಅಚ್ಚಿನೊಳಗೆ ರಾಳ ತುಂಬಿ ಬ್ಲೇಡು ಮಾಡುತ್ತಾರೆ. ಅದರ ಟರ್ಬೈನಿನ ಬಿಸಿ ಭಾಗದಲ್ಲಿ ನಿಕ್ಕಲ್ ಮಿಶ್ರಲೋಹದ ಸುಮಾರು ಮೂರನೇ ಒಂದು ಪಾಲು ಸಾಂದ್ರತೆಯ ಸೆರಾಮಿಕ್ ಸಂಯುಕ್ತ ಸೇರಿಕೊಂಡಿದೆ; ಸುಮಾರು 20 ತುಂಡುಗಳನ್ನು ಬೆಸೆದು ಮಾಡುತ್ತಿದ್ದ ಇಂಧನ ನಳಿಕೆಯ ತುದಿಯನ್ನು 3ಡಿ ಮುದ್ರಣದಿಂದ ಒಂದೇ ತುಂಡಾಗಿ ಮಾಡುತ್ತಾರೆ.

ಇದೆಲ್ಲ ಖಾಸಗಿ ಬಂಡವಾಳದ ಸಾಹಸವೆಂದು ಹೇಳುವವರಿಗೆ ನಾನು ಜಿಇಯದೇ ಆದ, ಯುದ್ಧವಿಮಾನಗಳ ಎಫ್404 ಎಂಜಿನ್ನಿನ ಹೊರ ನಾಳವನ್ನು, ಅಂದರೆ ಎಂಜಿನ್ನಿನ ಒಳಭಾಗವನ್ನು ಸುತ್ತುವರಿದು ಗಾಳಿ ಸಾಗಿಸುವ ಕೊಳವೆಯನ್ನು, ನೆನಪಿಸುತ್ತೇನೆ. ಮೊದಲು ಟೈಟಾನಿಯಂನಿಂದ ಮಾಡುತ್ತಿದ್ದ ಈ ನಾಳವನ್ನು ಶಾಖ ತಾಳುವ ಪಿಎಂಆರ್-15 ಎಂಬ ರಾಳ ಮತ್ತು ಕಾರ್ಬನ್ ನೂಲಿನಿಂದ ಮಾಡುವುದು ಸಾಧ್ಯವಾಯಿತು. ಆ ರಾಳ ಹುಟ್ಟಿದ್ದು 1970ರ ದಶಕದಲ್ಲಿ, ಕ್ಲೀವ್‌ಲ್ಯಾಂಡಿನ ನಾಸಾ ಲೂಯಿಸ್ ಸಂಶೋಧನಾ ಕೇಂದ್ರದಲ್ಲಿ, ಸಾರ್ವಜನಿಕರ ದುಡ್ಡಿನಲ್ಲಿ.

ಈಗ ನಮ್ಮ ಕಡೆಗೆ ಬರೋಣ. ಪೀಣ್ಯದ ಯಂತ್ರಶಾಲೆಗಳ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಬೆಳಗಾವಿಯ ಬಳಿ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ಫೋರ್ಜಿಂಗ್ (ಕಾದ ಲೋಹವನ್ನು ಬಡಿದು, ಒತ್ತಿ ಆಕಾರ ಕೊಡುವುದು), ಕಡೆತ, ಮೇಲ್ಮೈ ಸಂಸ್ಕರಣೆ ಒಂದೇ ಆವರಣದಲ್ಲಿ ನಡೆಯುತ್ತವೆ. ಬೆಂಗಳೂರಿನ ಎಚ್‌ಎಎಲ್ ಲೀಪ್ ಎಂಜಿನ್ನಿಗೆ ಫೋರ್ಜಿಂಗ್ ಮಾಡಿಕೊಡಲು ಸಫ್ರಾನ್ ಜೊತೆ ಒಪ್ಪಂದ ಮಾಡಿಕೊಂಡಿದೆ. ಇವು ಸಣ್ಣ ಸಾಧನೆಗಳಲ್ಲ. ಆದರೆ ಈ ಜಾಬ್ ವರ್ಕ್‌ನ ಸ್ವರೂಪವನ್ನು ನೋಡಿ: ನಕ್ಷೆ ಗಿರಾಕಿಯದು, ಲೋಹ ಯಾರಿಂದ ಕೊಳ್ಳಬೇಕೆಂದು ಹೇಳುವವನೂ ಗಿರಾಕಿಯೇ, ಮತ್ತು ಒಮ್ಮೆ ಒಪ್ಪಿಗೆಯಾದ ತಯಾರಿಕಾ ವಿಧಾನದಲ್ಲಿ ಅವನ ಅನುಮತಿಯಿಲ್ಲದೆ ಒಂದು ಹೆಜ್ಜೆಯನ್ನೂ ಬದಲಿಸುವಂತಿಲ್ಲ. ಈ ಬಿಗಿ ಅನ್ಯಾಯವಲ್ಲ. 2023ರಲ್ಲಿ ಪ್ರ್ಯಾಟ್ ಆ್ಯಂಡ್ ವಿಟ್ನಿಯ ಎಂಜಿನ್ ಡಿಸ್ಕುಗಳಿಗೆ ಬಳಸಿದ ಲೋಹದ ಪುಡಿಯಲ್ಲಿ ಕಲ್ಮಶ ಸೇರಿದ್ದು ಬಹಿರಂಗವಾದಾಗ, ಇಂಡಿಗೊದ ಹತ್ತಾರು ವಿಮಾನಗಳು ನೆಲಕ್ಕಂಟಿ ಕೂರಬೇಕಾಯಿತು. ಪ್ರಕ್ರಿಯೆಯೇ ಅಷ್ಟು ಮುಖ್ಯವಾಗಿರುವುದರಿಂದ, ಅದು ಯಾರ ಸ್ವತ್ತೋ ಬೆಲೆ ಕಟ್ಟುವವರೂ ಅವರೇ.

ಆ ಸ್ವತ್ತನ್ನು ಗಳಿಸುವ ಪ್ರಯತ್ನ ನಮ್ಮಲ್ಲಿ ನಡೆದಿಲ್ಲವೆಂದಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಂಜಿನ್ ಪ್ರಯೋಗಾಲಯವಾದ ಬೆಂಗಳೂರಿನ ಜಿಟಿಆರ್‌ಇ, ತೇಜಸ್ ಯುದ್ಧವಿಮಾನಕ್ಕೆಂದು ಕೈಗೊಂಡ ಕಾವೇರಿ ಎಂಜಿನ್ ಯೋಜನೆಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. ಗುರಿ ಇಟ್ಟುಕೊಂಡಿದ್ದ ತೂಕ 1,100 ಕೆಜಿ. ಮಹಾಲೇಖಪಾಲರ ವರದಿಯ ಪ್ರಕಾರ ಎಂಜಿನ್ ತೂಗಿದ್ದು 1,235 ಕೆಜಿ. ಆ 135 ಕೆಜಿಯನ್ನು ವಿಜ್ಞಾನಿಗಳ ಅಸಾಮರ್ಥ್ಯವೆಂದು ಬಗೆಯುವವರನ್ನು ನಾನು ಒಪ್ಪುವುದಿಲ್ಲ. ಎತ್ತರದ ಹಾರಾಟವನ್ನು ಅನುಕರಿಸುವ ಪರೀಕ್ಷಾ ಸೌಲಭ್ಯ ದೇಶದಲ್ಲಿ ಇರದಿದ್ದುದರಿಂದ ಎಂಜಿನ್ನನ್ನು ರಷ್ಯಾಕ್ಕೆ ಹೊತ್ತೊಯ್ಯಬೇಕಾಯಿತು. ಒಂದು ವಿನ್ಯಾಸ ಬದಲಿಸಿ, ಒಡೆದು, ಮತ್ತೆ ಬದಲಿಸುವ ಸುತ್ತು ತಿಂಗಳುಗಳಲ್ಲಿ ಮುಗಿಯಬೇಕಾದಲ್ಲಿ ವರ್ಷಗಳನ್ನು ತೆಗೆದುಕೊಂಡರೆ ತೂಕ ಇಳಿಯುವುದು ಹೇಗೆ?

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗಾಗಿ 1,777 ಎಕರೆ ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು, ರೈತರ ದೀರ್ಘ ಹೋರಾಟದ ನಂತರ 2025ರ ಜುಲೈಯಲ್ಲಿ ಸರ್ಕಾರ ಕೈಬಿಟ್ಟಿತು. ಉದ್ಯಮ ಆಂಧ್ರಕ್ಕೆ ಹೋಗಿಬಿಡುತ್ತದೆಂಬ ಗುಲ್ಲೆದ್ದಿತು. ರೈತರು ಕೇಳಿದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಆ ಇಡೀ ಗದ್ದಲದಲ್ಲಿ ನನ್ನನ್ನು ಕಾಡಿದ್ದು, ಈ ಉದ್ಯಮಕ್ಕೆ ಬೇಕಾದದ್ದು ಜಮೀನೊಂದೇ ಎಂದು ಎರಡೂ ಕಡೆಯ ರಾಜಕಾರಣಿಗಳು ನಂಬಿದಂತೆ ಮಾತಾಡಿದ್ದು. ತಿರುಗುವ ಡಿಸ್ಕನ್ನು ಒಡೆಯುವವರೆಗೂ ಓಡಿಸುವ ಪರೀಕ್ಷಾ ಕುಳಿ, ಬ್ಲೇಡಿನ ಮೇಲೆ ಹಕ್ಕಿ ಹಾರಿಸುವ ಗಾಳಿಕೋವಿ, ಒಂದೇ ವಸ್ತುವಿನ ಸಾವಿರಾರು ತುಣುಕುಗಳನ್ನು ಎಳೆದು, ಬಾಗಿಸಿ, ಕಾಯಿಸಿ ಅಂಕಿ ಬರೆದಿಡುವ ಪ್ರಯೋಗಾಲಯ: ಇವಕ್ಕೆ 1,777 ಎಕರೆ ಬೇಡ. ಇವಕ್ಕೆ ಬೇಕಾದದ್ದು, ಫಲಿತಾಂಶ ಸೋಲಾದರೂ ಬಿಲ್ ಪಾವತಿಸುವ ಸರ್ಕಾರ.

ನನ್ನ ಸಲಹೆ ಸ್ಪಷ್ಟವಾಗಿದೆ. ತೇಜಸ್ ವಿಮಾನದ ಸಂಯುಕ್ತ ವಸ್ತುವಿನ ರೆಕ್ಕೆಯನ್ನು ರೂಪಿಸಿದ ಅನುಭವವಿರುವ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ಮತ್ತು ಲೋಹವಿಜ್ಞಾನದಲ್ಲಿ ಹೆಸರಾದ ಐಐಎಸ್‌ಸಿ ಬೆಂಗಳೂರಿನಲ್ಲೇ ಇವೆ. ಕಟ್ಟಡ, ಯಂತ್ರಗಳಿಗೆ ಕೊಡುವ ಬಂಡವಾಳ ಸಬ್ಸಿಡಿಯ ಒಂದು ಪಾಲನ್ನು ತೆಗೆದು, ಇಂಥ ಸಂಸ್ಥೆಗಳ ಜೊತೆ ಪರೀಕ್ಷೆಗಿಳಿಯುವ ಸಣ್ಣ ಕಾರ್ಖಾನೆಗಳ ಪರೀಕ್ಷಾ ವೆಚ್ಚಕ್ಕೆ ಕೊಡಬೇಕು. ಸಿಕ್ಕ ದತ್ತಾಂಶದಲ್ಲಿ ಕಾರ್ಖಾನೆಗೂ ಹಕ್ಕಿರಬೇಕು. ಆರಂಭವನ್ನು ತಿರುಗದ ಭಾಗಗಳಿಂದ ಮಾಡಬಹುದು. ಎಫ್404ರಂಥ ಎಂಜಿನ್ನಿನ ಹೊರ ನಾಳ ಇದಕ್ಕೆ ತಕ್ಕ ಮೊದಲ ಗುರಿ. ಅದು ಬಿರುಕು ಬಿಟ್ಟರೂ ಬ್ಲೇಡಿನಂತೆ ಸಿಡಿದು ಹಾರುವುದಿಲ್ಲ; ಒಪ್ಪಿಗೆಯ ದಾರಿಯೂ ಫ್ಯಾನ್ ಬ್ಲೇಡಿನಷ್ಟು ಕಡಿದಾದುದಲ್ಲ. ಅಂಥ ಒಂದು ನಾಳದ ವಸ್ತು, ಅಚ್ಚು, ಪರೀಕ್ಷೆಯ ಅಂಕಿಗಳು ಮೂರೂ ಪೀಣ್ಯದ ಒಂದು ಕಂಪನಿಯ ಹೆಸರಿನಲ್ಲಿ ಇದ್ದರೆ, ಮುಂದಿನ ಗುತ್ತಿಗೆಯ ಮಾತುಕತೆಯಲ್ಲಿ ಅದು ಗಂಟೆಯ ದರವನ್ನು ಬಿಟ್ಟು ಭಾಗದ ಬೆಲೆಯನ್ನು ಕೇಳಬಹುದು.