7 ಪರ್ಸೆಂಟ್ ಸ್ವಾಮಿ, 7 ಪರ್ಸೆಂಟ್!

ನಮಸ್ಕಾರ, ದಾವಣಗೆರೆಯಿಂದ. ಮುಂದೆ ಮಂಡಕ್ಕಿ, ಮಿರ್ಚಿ ಇಟ್ಕೊಂಡು ಕೂತಿದ್ದೇನೆ. ಮಧ್ಯೆ ಕುರುಂ ಕುರುಂ ಅಂದರೆ ಬೈಬೇಡಿ.

ಭೂಮಿ ಬಿಸಿಯಾಗಿ ಮಳೆ ಜೋರಾಗ್ತಿದೆ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ವಾಣಿವಿಲಾಸ ಸಾಗರ 1933ರಲ್ಲೇ ಕೋಡಿ ಬಿದ್ದಿತ್ತು. ಆಗ ಯಾವ ಹವಾಮಾನ ಬದಲಾವಣೆ ಗುರುವೇ?" ಅದಕ್ಕೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕು!

ಹಿಂದೆ ಮಳೆ ಬರ್ತಿರಲಿಲ್ಲ ಅಂತ ನಾನು ಯಾವಾಗ ಹೇಳಿದೆ? ಹೇಳಿದ್ದು ಒಂದೇ ಮಾತು. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿಯುತ್ತದೆ. ಕಲ್ಲಿದ್ದಲು, ಡೀಸೆಲ್ ಸುಟ್ಟು ಸುಟ್ಟು ನಾವು ಭೂಮಿಯನ್ನು ಆಗಲೇ 1 ಡಿಗ್ರಿಗಿಂತ ಜಾಸ್ತಿ ಕಾಯಿಸಿದ್ದೇವೆ. ಮೋಡಕ್ಕೆ ಸರಕು ಜಾಸ್ತಿ, ಸುರಿದಾಗ ಸುರಿಯೋದೂ ಜಾಸ್ತಿ. ವಾಣಿವಿಲಾಸ 2022ರಲ್ಲಿ ಮತ್ತೆ ಕೋಡಿ ಬಿತ್ತು. ಒಂದು ಡ್ಯಾಮ್ ತುಂಬಿದ್ದು ಸಾಕ್ಷಿ ಅಲ್ಲ, ಒಪ್ಪಿದೆ. ಹಾಗೇ ನಿಮ್ಮ 1933 ಕೂಡ ಅಲ್ಲ!

2024ರ ಜುಲೈನಲ್ಲಿ ವಯನಾಡ್ ಗುಡ್ಡ ಕುಸಿಯಿತಲ್ಲ, ಆ ಮಳೆ ಈ ಬಿಸಿಯಿಂದ ಸುಮಾರು 10 ಪರ್ಸೆಂಟ್ ಜೋರಾಗಿತ್ತು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. 2021ರ ಜರ್ಮನಿ ಪ್ರವಾಹಕ್ಕೂ ಇಂಥದ್ದೇ ಲೆಕ್ಕ ಇದೆ. ಕಾಡು ಕಡಿದದ್ದು, ಹೊಳೆ ದಂಡೆಲಿ ಮನೆ ಕಟ್ಟಿದ್ದು ಬೇರೆ ತಪ್ಪು. ಅದನ್ನು ತೋರಿಸಿ ಇದನ್ನು ಮುಚ್ಚಿಡಬೇಡಿ.

"ಹಾಗಾದರೆ ಚಳ್ಳಕೆರೆಗೆ ಯಾಕೆ ಬರ?" ಆಹಾ, ಬಂದರು ಜಾಣರು! ಅದೇ ಬಾಯಾರಿದ ಗಾಳಿ ಸ್ವಾಮಿ. ಮಳೆ ಇಲ್ಲದಾಗ ನೆಲದ ತೇವ ಹೀರುತ್ತದೆ, ಬಂದಾಗ ಒಂದೇ ಸಲಕ್ಕೆ ಕೊಡ ಬೋರಲು ಹಾಕುತ್ತದೆ.

ನಮ್ಮ ಮಾವ ಈರುಳ್ಳಿ ಕಿತ್ತು ಹೊಲದಲ್ಲೇ ಹರವಿದ್ದರು. ತಾಡಪಾಲು ಎಳೆಯುವಷ್ಟರಲ್ಲಿ ಸಾಲುಗಳಲ್ಲಿ ನೀರು, ಗಡ್ಡೆ ತೇಲುತ್ತಿವೆ. ಅರ್ಧ ಗಂಟೆ ಮಳೆ ಅಷ್ಟೇ! ವಾರದೊಳಗೆ ಗಬ್ಬು ವಾಸನೆ. ಒಂದು ಚೀಲವೂ ಮಾರಲಿಲ್ಲ. ಆ ಒಂದು ಮಳೆ ಬಿಸಿಯಿಂದಲೇ ಬಂತು ಅಂತ ನಾನು ಹೇಳಲ್ಲ. ಆದರೆ ಮಾವನ ಮುಂದೆ ನಿಂತು "ಹಿಂದೆಯೂ ಮಳೆ ಬರ್ತಿತ್ತು" ಅನ್ನಿ ನೋಡೋಣ. ಕೈಯಲ್ಲಿ ಕುಡುಗೋಲು ಇರುತ್ತೆ, ಸುಮ್ನೆ ಹೇಳ್ತಿದ್ದೇನೆ.

ಇನ್ನೊಬ್ಬರು "ಎಲ್ಲಾ ದೇವರ ಆಟ" ಅಂದಿದ್ದಾರೆ. ದೇವರು ಬಂಕಲ್ಲಿ ಕ್ಯೂ ನಿಂತು ಡೀಸೆಲ್ ಹಾಕಿಸ್ತಾನಾ? 7 ಪರ್ಸೆಂಟ್ ರೀ! ಬರೆದು ಗೋಡೆಗೆ ಅಂಟಿಸಿ! ಅಂಟಿಸಲ್ವಾ? ಹೋಗಲಿ, ಸಬ್‌ಸ್ಕ್ರೈಬ್ ಆದರೂ ಮಾಡಿ. ಬೈಯೋಕೆ ಬರೋರೂ ಮಾಡಿ, ಲೆಕ್ಕಕ್ಕೆ ಸಿಗ್ತೀರಿ.

ಛೇ, ಮಾತಾಡ್ತಾ ಮಾತಾಡ್ತಾ ಮಂಡಕ್ಕಿ ಮೆತ್ತಗಾಯ್ತು. ನೋಡಿದ್ರಾ, ಗಾಳೀಲಿ ಎಷ್ಟು ತೇವ!